ಗೋ ಬಿಲ್ಡ್ ಎರರ್ ಇಲ್ಲದೆ ಮುಗಿದರೂ ಬೈನರಿ ಸಿಗದಿರುವುದೇಕೆ?

ಪ್ರಶ್ನೆ: ಹತ್ತು ವರ್ಷ ಪಿಎಚ್‌ಪಿಯಲ್ಲಿ ಕೆಲಸ ಮಾಡಿದ ಮೇಲೆ ಈಗ ನಾಲ್ಕು ತಿಂಗಳಿಂದ ಗೋ ಭಾಷೆ ಕಲಿಯುತ್ತಿದ್ದೇನೆ. ಸಗಟು ಅಂಗಡಿಯೊಂದಕ್ಕೆ ಉದ್ರಿ ಲೆಕ್ಕ ಇಡುವ ಚಿಕ್ಕ ಪ್ರೋಗ್ರಾಂ ಬರೆದು ‘ಲೆಡ್ಜರ್’ ಎಂಬ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಫೋಲ್ಡರಿನ ಹೆಸರೂ ಪ್ಯಾಕೇಜಿನ (ಒಟ್ಟಿಗೆ ಸೇರುವ ಕೋಡ್ ಫೈಲುಗಳ ಗುಂಪಿನ) ಹೆಸರೂ ಒಂದೇ ಇರಬೇಕೆಂದು ಎಲ್ಲೋ ಓದಿದ್ದರಿಂದ ಪ್ರತಿ ಫೈಲಿನ ಮೊದಲ ಸಾಲಿನಲ್ಲಿ ‘ಪ್ಯಾಕೇಜ್ ಲೆಡ್ಜರ್’ ಎಂದೇ ಬರೆದೆ. ‘ಗೋ ಬಿಲ್ಡ್’ ಕೊಟ್ಟರೆ ಒಂದು ಎರರ್ ಕೂಡ ಬರುವುದಿಲ್ಲ, ಬೈನರಿಯೂ (ಓಡಿಸಬಲ್ಲ ಫೈಲ್) ಬರುವುದಿಲ್ಲ. ಸಹೋದ್ಯೋಗಿಯ ಮಾತಿನಂತೆ ‘-ಒ ಆ್ಯಪ್’ ಸೇರಿಸಿದಾಗ ಫೈಲೇನೋ ಬಂತು, ಓಡಿಸಲು ಹೋದರೆ ‘ಪರ್ಮಿಷನ್ ಡಿನೈಡ್’ ಎಂದಿತು. ಸಿಎಚ್‌ಮಾಡ್ ಮಾಡಿ ಅನುಮತಿ ಕೊಟ್ಟರೆ ಮೊದಲ ಸಾಲಿನಲ್ಲೇ ಸಿಂಟ್ಯಾಕ್ಸ್ ಎರರ್ ಇದೆ ಎಂದು ಶೆಲ್ (ಕಮಾಂಡುಗಳನ್ನು ಓದಿ ನಡೆಸುವ ಪ್ರೋಗ್ರಾಂ) ದೂರುತ್ತದೆ, ಜೊತೆಗೆ ‘!<ಆರ್ಚ್>’ ಎಂಬ ವಿಚಿತ್ರ ಅಕ್ಷರಗಳನ್ನು ತೋರಿಸುತ್ತದೆ. ಒಂದು ಫೈಲಿನಲ್ಲಿ ಮಾತ್ರ ‘ಪ್ಯಾಕೇಜ್ ಮೇನ್’ ಎಂದು ಬದಲಿಸಿದರೆ ‘ಫೌಂಡ್ ಪ್ಯಾಕೇಜಸ್’ ಎಂಬ ಬೇರೆ ಎರರ್. ಎಲ್ಲದರಲ್ಲೂ ಬದಲಿಸಿ ‘ಗೋ ರನ್ ಮೇನ್.ಗೋ’ ಎಂದರೆ ನಾನೇ ಬರೆದ ಫಂಕ್ಷನ್‌ಗಳು ‘ಅನ್‌ಡಿಫೈನ್ಡ್’. ಫೋಲ್ಡರಿನ ಹೆಸರನ್ನೂ ‘ಮೇನ್’ ಎಂದೇ ಮಾಡಬೇಕೆ? ಒಂದು ಹೆಸರಿಗೆ ಇಷ್ಟೆಲ್ಲ ಏಕೆ? ಹಾಗೆಯೇ, ಪ್ಯಾಕೇಜಿಗೆ ಕನ್ನಡದಲ್ಲಿ ಹೆಸರಿಡಲು ಸಾಧ್ಯವೇ?
— ಓದುಗರು, ದಾವಣಗೆರೆ

ಉತ್ತರ: ನಿಮ್ಮ ಕಂಪ್ಯೂಟರಿನಲ್ಲಾಗಲಿ ಗೋ ಇನ್‌ಸ್ಟಾಲ್ ಮಾಡಿದ ರೀತಿಯಲ್ಲಾಗಲಿ ಯಾವ ತೊಂದರೆಯೂ ಇಲ್ಲ. ನೀವು ಬರೆದ ಕೋಡ್ ಕೂಡ ಸರಿಯಾಗಿಯೇ ಕಂಪೈಲ್ ಆಗಿದೆ. ನೀವು ವಿವರಿಸಿದ ಐದೂ ಅನುಭವಗಳು ಐದು ಬೇರೆ ಬೇರೆ ತಪ್ಪುಗಳಂತೆ ಕಾಣುತ್ತವೆ, ಆದರೆ ಅವೆಲ್ಲಕ್ಕೂ ಮೂಲ ಒಂದೇ: ಗೋದಲ್ಲಿ ಪ್ಯಾಕೇಜಿನ ಹೆಸರು, ಫೋಲ್ಡರಿನ ಹೆಸರು, ಮಾಡ್ಯೂಲಿನ (ಒಂದು ಘಟಕವಾಗಿ ಇಡುವ ಪ್ಯಾಕೇಜುಗಳ ಗುಂಪಿನ) ಹೆಸರು, ಫೈಲಿನ ಹೆಸರು ಎಂಬ ನಾಲ್ಕು ಹೆಸರುಗಳಿಗೆ ನಾಲ್ಕು ಬೇರೆ ಕೆಲಸಗಳಿವೆ. ‘ಎಲ್ಲವೂ ಒಂದೇ ಇರಬೇಕು’ ಎಂಬ ಅರೆಸತ್ಯವನ್ನು ನಂಬಿದವರು ಇವುಗಳಲ್ಲಿ ಒಂದರ ಕೆಲಸವನ್ನು ಇನ್ನೊಂದರಿಂದ ನಿರೀಕ್ಷಿಸುತ್ತಾರೆ.

ಹೀಗೇಕೆ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಗೋ ಭಾಷೆ 2009ರ ನವೆಂಬರಿನಲ್ಲಿ ಹೊರಬಂದಾಗ ಪ್ರತಿ ಪ್ಯಾಕೇಜಿನ ಜೊತೆಗೂ ಒಂದು ಮೇಕ್‌ಫೈಲ್ ಇರುತ್ತಿತ್ತು. ಏನನ್ನು ತಯಾರಿಸಬೇಕು, ಅದರ ಹೆಸರೇನು, ಯಾವ ಯಾವ ಫೈಲುಗಳನ್ನು ಸೇರಿಸಬೇಕು ಎಂಬುದನ್ನು ಅದರಲ್ಲಿ ಕೈಯಾರೆ ಬರೆಯಬೇಕಾಗಿತ್ತು. 2012ರ ಮಾರ್ಚಿನಲ್ಲಿ ಗೋ 1 ಬಂದಾಗ ಇಂದಿನ ‘ಗೋ’ ಕಮಾಂಡ್ ಆ ಮೇಕ್‌ಫೈಲುಗಳನ್ನೆಲ್ಲ ತೆಗೆದುಹಾಕಿತು. ಆದರೆ ಮೇಕ್‌ಫೈಲ್ ಹೇಳುತ್ತಿದ್ದ ಮಾಹಿತಿ ಎಲ್ಲಿಂದಲಾದರೂ ಬರಲೇಬೇಕಲ್ಲವೇ? ಅದು ಹೆಸರುಗಳೊಳಗೆ ಹೋಗಿ ಸೇರಿತು. ತಯಾರಾಗಬೇಕಾದದ್ದು ಪ್ರೋಗ್ರಾಮೋ ಬೇರೆ ಪ್ರೋಗ್ರಾಮುಗಳು ಬಳಸುವ ಲೈಬ್ರರಿಯೋ ಎಂಬುದನ್ನು ಪ್ಯಾಕೇಜಿನ ಹೆಸರು ಹೇಳುತ್ತದೆ. ಯಾವ ಫೈಲುಗಳು ಒಟ್ಟಿಗೆ ಸೇರಬೇಕು ಎಂಬುದನ್ನು ಫೋಲ್ಡರ್ ಹೇಳುತ್ತದೆ. ಬೇರೆಯವರು ಅದನ್ನು ಯಾವ ವಿಳಾಸದಿಂದ ಕರೆಯಬೇಕು, ಬೈನರಿಗೆ ಯಾವ ಹೆಸರು ಬರಬೇಕು ಎಂಬುದನ್ನು ಮಾಡ್ಯೂಲಿನ ಹೆಸರಿನಿಂದ ಆರಂಭವಾಗುವ ಇಂಪೋರ್ಟ್ ಪಾಥ್ ಹೇಳುತ್ತದೆ. ಯಾವ ಆಪರೇಟಿಂಗ್ ಸಿಸ್ಟಂನಲ್ಲಿ ಯಾವ ಫೈಲ್ ಬಿಡಬೇಕು ಎಂಬುದನ್ನು ಫೈಲಿನ ಹೆಸರಿನ ಬಾಲ ಹೇಳುತ್ತದೆ. ಪಿಎಚ್‌ಪಿಯಲ್ಲಿ ಫೈಲ್ ಇದ್ದರೆ ಸಾಕು, ಸರ್ವರ್ ಅದನ್ನು ಓಡಿಸುತ್ತದೆ. ಅಲ್ಲಿಂದ ಬಂದವರಿಗೆ ಹೆಸರು ಇಷ್ಟು ಭಾರ ಹೊತ್ತಿರುವುದು ವಿಚಿತ್ರವಾಗಿ ಕಾಣುವುದು ಸಹಜ.

ಈಗ ನಿಮ್ಮ ಮೊದಲ ಗೊಂದಲಕ್ಕೆ ಬರೋಣ. ‘ಮೇನ್’ ಎಂಬ ಪ್ಯಾಕೇಜ್ ಹೆಸರು ಗೋದಲ್ಲಿ ಉಳಿದ ಹೆಸರುಗಳಂತಲ್ಲ. ಭಾಷೆಯ ನಿಯಮದ ಪ್ರಕಾರವೇ, ಓಡುವ ಪ್ರೋಗ್ರಾಂ ಎಂದರೆ ‘ಮೇನ್’ ಹೆಸರಿನ ಪ್ಯಾಕೇಜ್ ಮತ್ತು ಅದರೊಳಗೆ ‘ಮೇನ್’ ಹೆಸರಿನ, ಏನನ್ನೂ ತೆಗೆದುಕೊಳ್ಳದ, ಏನನ್ನೂ ಹಿಂದಿರುಗಿಸದ ಒಂದು ಫಂಕ್ಷನ್. ಈ ಎರಡರಲ್ಲಿ ಫಂಕ್ಷನ್ ಮಾತ್ರ ಇದ್ದು ಪ್ಯಾಕೇಜಿನ ಹೆಸರು ಬೇರೆಯಾಗಿದ್ದರೆ, ಕಂಪೈಲರಿನ ಕಣ್ಣಿಗೆ ಅದು ‘ಮೇನ್’ ಎಂಬ ಹೆಸರಿನ ಒಂದು ಸಾಧಾರಣ ಫಂಕ್ಷನ್ ಇರುವ ಲೈಬ್ರರಿ. ಲೈಬ್ರರಿಯ ಫೋಲ್ಡರಿನಲ್ಲಿ ನಿಂತು ‘ಗೋ ಬಿಲ್ಡ್’ ಕೊಟ್ಟಾಗ ಕಮಾಂಡ್ ಅದನ್ನು ಕಂಪೈಲ್ ಮಾಡಿ, ತಪ್ಪಿಲ್ಲವೆಂದು ಖಚಿತಪಡಿಸಿಕೊಂಡು, ಫಲಿತಾಂಶವನ್ನು ತನ್ನ ಕ್ಯಾಶ್‌ನಲ್ಲಿ ಇಟ್ಟುಕೊಂಡು, ನಿಮ್ಮ ಫೋಲ್ಡರಿನಲ್ಲಿ ಏನನ್ನೂ ಬಿಡದೆ ಮುಗಿಸುತ್ತದೆ. ಆ ಮೌನದ ಅರ್ಥ ‘ಕಂಪೈಲ್ ಆಯಿತು’ ಎಂದಷ್ಟೇ, ‘ಬೈನರಿ ತಯಾರಾಯಿತು’ ಎಂದಲ್ಲ. ಲೈಬ್ರರಿ ಬರೆಯುವವರಿಗೆ ಈ ವರ್ತನೆ ಅನುಕೂಲಕರ. ಹೊಸಬರಿಗೆ ಮಾತ್ರ ಇದು ಮೋಸದಂತೆ ಕಾಣುತ್ತದೆ.

ಇದೇ ತಪ್ಪನ್ನು ‘ಗೋ ರನ್’ ಮೂಲಕ ಮಾಡಿದ್ದರೆ ನಿಮಗೆ ಬೇಗ ತಿಳಿಯುತ್ತಿತ್ತು. ಅದು ಓಡಿಸಲೆಂದೇ ಇರುವ ಕಮಾಂಡ್ ಆದ್ದರಿಂದ ‘ಇದು ಮೇನ್ ಪ್ಯಾಕೇಜ್ ಅಲ್ಲ’ ಎಂದು ನೇರವಾಗಿ ಹೇಳುತ್ತದೆ. ಫೈಲಿನ ಹೆಸರು ಕೊಟ್ಟು ಓಡಿಸಿದ್ದರೆ ಆ ಸಂದೇಶದಲ್ಲಿ ‘ಕಮಾಂಡ್-ಲೈನ್-ಆರ್ಗ್ಯುಮೆಂಟ್ಸ್’ ಎಂಬ ಪ್ಯಾಕೇಜ್ ಹೆಸರು ಕಾಣಿಸಿಕೊಳ್ಳುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ಫೋಲ್ಡರಿನ ಬದಲು ಬಿಡಿ ಫೈಲುಗಳನ್ನು ಕೊಟ್ಟಾಗ ಅವುಗಳನ್ನು ಸೇರಿಸಿ ಕಮಾಂಡ್ ತಾನೇ ಇಟ್ಟುಕೊಳ್ಳುವ ತಾತ್ಕಾಲಿಕ ಹೆಸರು ಅದು.

ನಿಮ್ಮ ಸಹೋದ್ಯೋಗಿಯ ‘-ಒ’ ಸಲಹೆ ಒಳ್ಳೆಯ ಉದ್ದೇಶದ್ದೇ, ಆದರೆ ಈ ಸಂದರ್ಭದಲ್ಲಿ ಅದು ತಪ್ಪನ್ನು ಇನ್ನಷ್ಟು ಮರೆಮಾಡಿತು. ‘-ಒ’ ಎಂದರೆ ‘ಫಲಿತಾಂಶ ಏನೇ ಇರಲಿ, ಅದನ್ನು ಈ ಹೆಸರಿನಲ್ಲಿ ಬರೆ’ ಎಂದು ಅರ್ಥ. ನಿಮ್ಮಲ್ಲಿದ್ದದ್ದು ಲೈಬ್ರರಿ, ಆದ್ದರಿಂದ ಕಮಾಂಡ್ ಲೈಬ್ರರಿಯ ಆರ್ಕೈವ್ ಫೈಲನ್ನೇ ‘ಆ್ಯಪ್’ ಎಂಬ ಹೆಸರಿನಲ್ಲಿ ಬರೆದುಕೊಟ್ಟಿತು. ಆರ್ಕೈವ್ ಓಡಿಸುವ ವಸ್ತುವಲ್ಲವಾದ್ದರಿಂದ ಅದಕ್ಕೆ ಓಡುವ ಅನುಮತಿ ಇರಲಿಲ್ಲ. ನೀವು ಒತ್ತಾಯದಿಂದ ಅನುಮತಿ ಕೊಟ್ಟಾಗ ಶೆಲ್ ಅದನ್ನು ತನ್ನದೇ ಸ್ಕ್ರಿಪ್ಟ್ ಇರಬೇಕೆಂದು ಭಾವಿಸಿ ಮೊದಲ ಸಾಲನ್ನು ಓದಿತು. ಈ ಬಗೆಯ ಯೂನಿಕ್ಸ್ ಆರ್ಕೈವ್ ಫೈಲುಗಳು ‘!<ಆರ್ಚ್>’ ಎಂಬ ಅಕ್ಷರಗಳಿಂದಲೇ ಆರಂಭವಾಗುತ್ತವೆ. ಅಂದರೆ ನಿಮಗೆ ವಿಚಿತ್ರವೆನಿಸಿದ ಆ ಸಾಲೇ ರೋಗವೇನೆಂದು ಹೇಳುತ್ತಿತ್ತು.

ಇದು ಕಲಿಯುವವರಿಗೆ ಮಾತ್ರ ಆಗುವ ಅನುಭವವಲ್ಲ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಸಂಸ್ಥೆಯಲ್ಲಿ ಯಾರೋ ಕೋಡ್ ಅಚ್ಚುಕಟ್ಟು ಮಾಡುವಾಗ ಪ್ಯಾಕೇಜಿನ ಹೆಸರನ್ನು ‘ಮೇನ್’ನಿಂದ ಸೇವೆಯ ಹೆಸರಿಗೆ ಬದಲಿಸಿದ್ದರು. ಬಿಲ್ಡ್ ಸ್ಕ್ರಿಪ್ಟಿನಲ್ಲಿ ‘-ಒ’ ಇತ್ತು. ಬಿಲ್ಡ್ ಹಸಿರು ತೋರಿಸಿತು, ಡಾಕರ್ ಇಮೇಜ್ (ಸರ್ವರಿನಲ್ಲಿ ಓಡಿಸಲು ಪ್ರೋಗ್ರಾಮನ್ನು ಕಟ್ಟಿಡುವ ಪೊಟ್ಟಣ) ತಯಾರಾಯಿತು, ಸರ್ವರಿನಲ್ಲಿ ಮಾತ್ರ ‘ಪರ್ಮಿಷನ್ ಡಿನೈಡ್’. ನಾವು ಮೂವರು ಸೇರಿ ಎರಡು ಗಂಟೆ ಡಾಕರಿನ ಯೂಸರ್ ಅನುಮತಿಗಳನ್ನು ತಡಕಾಡಿದೆವು. ಗೋ ಫೈಲಿನ ಮೊದಲ ಸಾಲನ್ನು ನೋಡುವುದು ಯಾರಿಗೂ ಹೊಳೆಯಲಿಲ್ಲ. ಆ ದಿನದಿಂದ ನಾನು ‘-ಒ’ಗೆ ಫೈಲಿನ ಹೆಸರಿನ ಬದಲು ಓರೆಗೆರೆಯಿಂದ ಕೊನೆಗೊಳ್ಳುವ ಫೋಲ್ಡರಿನ ಹೆಸರನ್ನು, ಉದಾಹರಣೆಗೆ ‘ಬಿನ್/’ ಎಂದು, ಕೊಡುತ್ತೇನೆ. ಹಾಗೆ ಕೊಟ್ಟರೆ ಕಮಾಂಡ್ ಮೇನ್ ಪ್ಯಾಕೇಜುಗಳನ್ನು ಮಾತ್ರ ಅಲ್ಲಿ ಬರೆಯುತ್ತದೆ. ಒಂದೂ ಇಲ್ಲದಿದ್ದರೆ ‘ಬಿಲ್ಡ್ ಮಾಡಲು ಮೇನ್ ಪ್ಯಾಕೇಜ್ ಇಲ್ಲ’ ಎಂಬ ಎರರ್ ಕೊಟ್ಟು ನಿಂತುಬಿಡುತ್ತದೆ. ಒಂದು ಓರೆಗೆರೆಯ ವ್ಯತ್ಯಾಸಕ್ಕೆ ಎರಡು ಗಂಟೆ ಉಳಿಯುತ್ತದೆ.

‘ಫೌಂಡ್ ಪ್ಯಾಕೇಜಸ್’ ಎರರಿನ ಕಾರಣ ಸರಳ. ಒಂದು ಫೋಲ್ಡರ್ ಎಂದರೆ ಒಂದು ಪ್ಯಾಕೇಜ್; ಅದರೊಳಗಿನ ಎಲ್ಲ ಗೋ ಫೈಲುಗಳ ಮೊದಲ ಸಾಲೂ ಒಂದೇ ಹೆಸರನ್ನು ಹೇಳಬೇಕು. ನೀವು ಒಂದರಲ್ಲಿ ಮಾತ್ರ ಬದಲಿಸಿದ್ದರಿಂದ ಒಂದೇ ಮನೆಯಲ್ಲಿ ‘ಮೇನ್’ ಮತ್ತು ‘ಲೆಡ್ಜರ್’ ಎಂಬ ಎರಡು ಸಂಸಾರಗಳು ಕಂಡವು. ಇದಕ್ಕಿರುವ ಮುಖ್ಯ ವಿನಾಯಿತಿ ಪರೀಕ್ಷೆಯ ಫೈಲುಗಳದು: ‘_ಟೆಸ್ಟ್.ಗೋ’ ಎಂದು ಕೊನೆಗೊಳ್ಳುವ ಫೈಲಿನಲ್ಲಿ ಪ್ಯಾಕೇಜಿನ ಹೆಸರಿಗೂ ‘_ಟೆಸ್ಟ್’ ಸೇರಿಸಿ ‘ಲೆಡ್ಜರ್_ಟೆಸ್ಟ್’ ಎಂದು ಬರೆಯಬಹುದು, ಆಗ ಆ ಪರೀಕ್ಷೆ ಹೊರಗಿನವರಂತೆ ನಿಮ್ಮ ಪ್ಯಾಕೇಜನ್ನು ಬಳಸುತ್ತದೆ. ಬಹಳ ಜನರಿಗೆ ತಿಳಿಯದ ಇನ್ನೊಂದು ವಿಚಿತ್ರವೂ ಇದೆ: ಫೈಲೊಂದು ತನ್ನ ಪ್ಯಾಕೇಜಿನ ಹೆಸರನ್ನು ‘ಡಾಕ್ಯುಮೆಂಟೇಷನ್’ ಎಂದು ಹೇಳಿಕೊಂಡರೆ ಗೋ ಕಮಾಂಡ್ ಆ ಫೈಲನ್ನು ಬಿಲ್ಡ್‌ನಿಂದ ಸದ್ದಿಲ್ಲದೆ ಕೈಬಿಡುತ್ತದೆ. ದಾಖಲೆಗಳನ್ನು ನಿರ್ವಹಿಸುವ ಪ್ರೋಗ್ರಾಂ ಬರೆಯುವವರು ಈ ಹೆಸರಿನಿಂದ ದೂರವಿರಬೇಕು.

‘ಗೋ ರನ್ ಮೇನ್.ಗೋ’ ಎಂದಾಗ ಬಂದ ‘ಅನ್‌ಡಿಫೈನ್ಡ್’ ಪ್ಯಾಕೇಜಿನ ಹೆಸರಿನ ತಪ್ಪಲ್ಲ, ಫೋಲ್ಡರಿನ ಬದಲು ಫೈಲಿನ ಹೆಸರು ಹೇಳಿ ಕಮಾಂಡ್ ಕೊಟ್ಟ ರೀತಿಯ ತಪ್ಪು. ನೀವು ಒಂದೇ ಫೈಲನ್ನು ಹೆಸರಿಸಿದಿರಿ, ಕಮಾಂಡ್ ಆ ಒಂದನ್ನೇ ಕಂಪೈಲ್ ಮಾಡಿತು. ಪಕ್ಕದ ಫೈಲುಗಳಲ್ಲಿದ್ದ ಫಂಕ್ಷನ್‌ಗಳು ಅದರ ಪಾಲಿಗೆ ಇರಲೇ ಇಲ್ಲ. ‘ಗೋ ರನ್ .’ ಎಂದು ಚುಕ್ಕಿ ಕೊಟ್ಟರೆ ಇಡೀ ಫೋಲ್ಡರ್ ಒಂದು ಪ್ಯಾಕೇಜಾಗಿ ಸೇರುತ್ತದೆ. ಅನೇಕ ಪಾಠಗಳು ಒಂದೇ ಫೈಲಿನ ಉದಾಹರಣೆಯಿಂದ ಆರಂಭವಾಗುವುದರಿಂದ ‘ಮೇನ್.ಗೋ’ ಎಂದು ಟೈಪ್ ಮಾಡುವುದು ಕೈಗೆ ಅಭ್ಯಾಸವಾಗಿಬಿಡುತ್ತದೆ. ಎರಡನೆಯ ಫೈಲ್ ಬಂದ ದಿನ ಅದನ್ನು ಬಿಡಬೇಕು.

ಇನ್ನು ನೀವು ಓದಿದ ನಂಬಿಕೆಗಳನ್ನು ಬಿಡಿಸಿ ನೋಡೋಣ. ಫೈಲಿನ ಹೆಸರು ‘ಮೇನ್.ಗೋ’ ಆಗಿರಲೇಬೇಕು ಎಂಬುದು ಸುಳ್ಳು. ಅದು ‘ಅಂಗಡಿ’ಯೋ ‘ಶುರು’ವೋ ಏನಾದರೂ ಆಗಿರಬಹುದು, ‘ಮೇನ್.ಗೋ’ ಎಂಬುದು ಓದುವವರ ಅನುಕೂಲಕ್ಕಾಗಿ ಬೆಳೆದ ರೂಢಿ. ಫೋಲ್ಡರಿನ ಹೆಸರು ‘ಮೇನ್’ ಆಗಿರಬೇಕು ಎಂಬುದೂ ಸುಳ್ಳು, ಹಾಗೆ ಮಾಡುವುದು ತೊಂದರೆಯೇ ಸರಿ: ಅದು ಮಾಡ್ಯೂಲಿನ ಒಳಗಿನ ಫೋಲ್ಡರಾಗಿದ್ದರೆ ಬೈನರಿಗೂ ‘ಮೇನ್’ ಎಂಬ ಹೆಸರು ಬರುತ್ತದೆ, ಮತ್ತು ಗೋ ಕಮಾಂಡಿನ ದಾಖಲೆಯಲ್ಲಿ ‘ಮೇನ್’, ‘ಆಲ್’, ‘ಎಸ್‌ಟಿಡಿ’, ‘ಸಿಎಂಡಿ’ ಎಂಬ ಪದಗಳನ್ನು ಪ್ಯಾಕೇಜಿನ ಪೂರ್ತಿ ಪಾಥ್ ಆಗಿ ಬಳಸಬಾರದೆಂದು ಕಾಯ್ದಿರಿಸಲಾಗಿದೆ. ಆದ್ದರಿಂದ ‘ಗೋ ಮಾಡ್ ಇನಿಟ್ ಮೇನ್’ ಎಂದು ಮಾಡ್ಯೂಲ್ ಆರಂಭಿಸುವುದು ಕೂಡ ಬೇಡ.

ಫೋಲ್ಡರಿನ ಹೆಸರೂ ಪ್ಯಾಕೇಜಿನ ಹೆಸರೂ ಒಂದೇ ಇರಬೇಕು ಎಂಬುದು ಲೈಬ್ರರಿಗಳ ಮಟ್ಟಿಗೆ ಒಳ್ಳೆಯ ರೂಢಿ, ನಿಯಮವಲ್ಲ. ಎರಡೂ ಬೇರೆಯಾಗಲೇಬೇಕಾದ ಸಂದರ್ಭಗಳೂ ಇವೆ. ಪ್ಯಾಕೇಜಿನ ಹೆಸರು ಗೋದ ಒಂದು ಐಡೆಂಟಿಫೈಯರ್ (ಕೋಡಿನೊಳಗೆ ಬಳಸುವ ಹೆಸರು) ಆದ್ದರಿಂದ ಅದರಲ್ಲಿ ಹೈಫನ್ ಬರುವಂತಿಲ್ಲ, ಫೋಲ್ಡರಿನಲ್ಲಿ ಬರಬಹುದು. ಎಸ್‌ಕ್ಯುಎಲೈಟ್ ಡೇಟಾಬೇಸಿಗೆ ಹೆಚ್ಚು ಬಳಕೆಯಲ್ಲಿರುವ ಡ್ರೈವರಿನ ಪಾಥ್ ‘ಗೋ-ಎಸ್‌ಕ್ಯುಎಲೈಟ್3’ ಎಂದು ಮುಗಿಯುತ್ತದೆ, ಪ್ಯಾಕೇಜಿನ ಹೆಸರು ಮಾತ್ರ ‘ಎಸ್‌ಕ್ಯುಎಲೈಟ್3’. ಗೋದ ಸ್ವಂತ ಲೈಬ್ರರಿಯಲ್ಲೇ 2024ರ ಫೆಬ್ರವರಿಯಲ್ಲಿ ಗೋ 1.22ರೊಂದಿಗೆ ಬಂದ ‘ಮ್ಯಾತ್/ರ‍್ಯಾಂಡ್/ವಿ2’ ಇದೆ. ಅದರ ಫೋಲ್ಡರ್ ‘ವಿ2’, ಪ್ಯಾಕೇಜ್ ‘ರ‍್ಯಾಂಡ್’. ಇಂಪೋರ್ಟ್ ಸಾಲಿನಲ್ಲಿ ಬರೆಯುವುದು ಪಾಥ್, ಕೋಡಿನೊಳಗೆ ಬಳಸುವುದು ಪ್ಯಾಕೇಜಿನ ಹೆಸರು ಎಂಬುದನ್ನು ಗಟ್ಟಿ ಮಾಡಿಕೊಂಡರೆ ಅರ್ಧ ಗೊಂದಲ ಕರಗುತ್ತದೆ.

ಆ ವ್ಯತ್ಯಾಸದಿಂದಲೇ ಒಂದು ನಿಜವಾದ ಅಪಾಯವೂ ಹುಟ್ಟುತ್ತದೆ. ಕಂಪೈಲರ್ ಮತ್ತು ಲಿಂಕರ್ (ಕಂಪೈಲ್ ಆದ ತುಂಡುಗಳನ್ನು ಬೈನರಿಯಾಗಿ ಜೋಡಿಸುವ ಸಾಧನ) ಪ್ಯಾಕೇಜುಗಳನ್ನು ಗುರುತಿಸುವುದು ಪಾಥ್‌ನಿಂದ. ಹಾಗಾಗಿ ಒಂದೇ ಹೆಸರಿನ ಎರಡು ಪ್ಯಾಕೇಜುಗಳು ಒಂದೇ ಬೈನರಿಯಲ್ಲಿ ಯಾವ ತಕರಾರೂ ಇಲ್ಲದೆ ಇರಬಲ್ಲವು. ‘ಕ್ರಿಪ್ಟೋ/ರ‍್ಯಾಂಡ್’ ಮತ್ತು ‘ಮ್ಯಾತ್/ರ‍್ಯಾಂಡ್’ ಎರಡರ ಹೆಸರೂ ‘ರ‍್ಯಾಂಡ್’. ‘ಎಚ್‌ಟಿಎಂಎಲ್/ಟೆಂಪ್ಲೇಟ್’ ಮತ್ತು ‘ಟೆಕ್ಸ್ಟ್/ಟೆಂಪ್ಲೇಟ್’ ಎರಡರ ಹೆಸರೂ ‘ಟೆಂಪ್ಲೇಟ್’. ವೆಬ್ ಪುಟಕ್ಕೆ ಹೋಗುವ ಪಠ್ಯದಲ್ಲಿನ ಅಪಾಯಕಾರಿ ಚಿಹ್ನೆಗಳನ್ನು ಮೊದಲನೆಯದು ತಾನಾಗಿ ನಿಷ್ಕ್ರಿಯಗೊಳಿಸುತ್ತದೆ, ಎರಡನೆಯದು ಹಾಗೆಯೇ ಬಿಡುತ್ತದೆ. ಎಡಿಟರ್ ತಾನಾಗಿ ಸೇರಿಸಿದ ಇಂಪೋರ್ಟ್ ತಪ್ಪಾಗಿದ್ದರೆ ಬಿಲ್ಡ್ ಸಲೀಸಾಗಿ ಆಗುತ್ತದೆ, ಅಂಗಡಿಯ ಗ್ರಾಹಕನ ಹೆಸರಿನ ಜಾಗದಲ್ಲಿ ಯಾರಾದರೂ ಸ್ಕ್ರಿಪ್ಟ್ ತುಂಬಿದ ದಿನ ಅದು ಗೊತ್ತಾಗುತ್ತದೆ. ನಿಮ್ಮ ಪ್ರೋಗ್ರಾಂ ಮುಂದೆ ವೆಬ್‌ಗೆ ಹೋಗುವುದಾದರೆ ಇಂಪೋರ್ಟ್ ಸಾಲುಗಳನ್ನು ಕಣ್ಣಿಟ್ಟು ನೋಡಿ.

ಬೈನರಿಯ ಹೆಸರು ಎಲ್ಲಿಂದ ಬರುತ್ತದೆ ಎಂಬುದರ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಪ್ಯಾಕೇಜಿನ ಹೆಸರು ಯಾವಾಗಲೂ ‘ಮೇನ್’ ಆಗಿರುವಾಗ ಅದರಿಂದ ಬೈನರಿಗೆ ಹೆಸರು ಸಿಗಲು ಸಾಧ್ಯವಿಲ್ಲ. ಫೋಲ್ಡರನ್ನು ಬಿಲ್ಡ್ ಮಾಡಿದರೆ ಇಂಪೋರ್ಟ್ ಪಾಥ್‌ನ ಕೊನೆಯ ತುಂಡು ಬೈನರಿಯ ಹೆಸರಾಗುತ್ತದೆ; ಆ ತುಂಡು ‘ವಿ2’ನಂತಹ ಆವೃತ್ತಿಯ ಗುರುತಾಗಿದ್ದರೆ ಅದರ ಹಿಂದಿನದು. ಬಿಡಿ ಫೈಲುಗಳನ್ನು ಕೊಟ್ಟು ಬಿಲ್ಡ್ ಮಾಡಿದರೆ ಮೊದಲ ಫೈಲಿನ ಹೆಸರು ಬರುತ್ತದೆ. ಮಾಡ್ಯೂಲಿನ ಮೂಲ ಫೋಲ್ಡರಿನಲ್ಲಿ ಪಾಥ್ ಎಂದರೆ ‘ಗೋ.ಮಾಡ್’ ಫೈಲಿನಲ್ಲಿ ಬರೆದಿರುವ ಮಾಡ್ಯೂಲಿನ ಹೆಸರೇ ಹೊರತು ಡಿಸ್ಕಿನ ಮೇಲಿರುವ ಫೋಲ್ಡರಿನ ಹೆಸರಲ್ಲ. ಫೋಲ್ಡರಿನ ಹೆಸರು ಬದಲಿಸಿದರೂ ಬೈನರಿಗೆ ಹಳೆಯ ಹೆಸರೇ ಬರುತ್ತಿದೆ ಎಂದು ಕೇಳುವವರಿಗೆ ಉತ್ತರ ಇದೇ.

ಫೈಲಿನ ಹೆಸರಿನ ಬಗ್ಗೆ ಒಂದೆರಡು ಮಾತು ಸಾಕು. ‘_ಲಿನಕ್ಸ್’, ‘_ವಿಂಡೋಸ್’, ‘_ಎಎಂಡಿ64’ ಇಂಥ ಬಾಲವಿರುವ ಫೈಲುಗಳು ಆಯಾ ಸಿಸ್ಟಂಗೆ ಮಾತ್ರ ಕಂಪೈಲ್ ಆಗುತ್ತವೆ. ‘_ಜೆಎಸ್’ ಕೂಡ ಅಂಥದ್ದೊಂದು ಬಾಲ ಎಂಬುದು ತಿಳಿಯದೆ ‘ಬಿಲ್_ಜೆಎಸ್.ಗೋ’ ಎಂದು ಹೆಸರಿಟ್ಟು, ಅದರೊಳಗಿನ ಫಂಕ್ಷನ್‌ಗಳು ಎಲ್ಲಿ ಮಾಯವಾದವು ಎಂದು ಹುಡುಕಿದವರನ್ನು ನೋಡಿದ್ದೇನೆ. ಅಂಡರ್‌ಸ್ಕೋರ್ ಅಥವಾ ಚುಕ್ಕಿಯಿಂದ ಆರಂಭವಾಗುವ ಫೈಲುಗಳನ್ನು ಕಮಾಂಡ್ ನೋಡುವುದೇ ಇಲ್ಲ.

ಹಾಗಾದರೆ ನಿಮ್ಮ ಲೆಡ್ಜರ್ ಪ್ರೋಗ್ರಾಮನ್ನು ಹೇಗೆ ಜೋಡಿಸಬೇಕು? ನಿಮ್ಮ ಮುಂದೆ ಮೂರು ದಾರಿಗಳಿವೆ.

ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ‘ಪ್ಯಾಕೇಜ್ ಮೇನ್’ ಎಂದು ಇಟ್ಟುಬಿಡುವುದು ಅತ್ಯಂತ ಸರಳ. ಒಬ್ಬರೇ ಬರೆಯುವ, ಸಾವಿರ ಸಾಲಿನೊಳಗಿನ ಪ್ರೋಗ್ರಾಮಿಗೆ ಇದರಲ್ಲಿ ಯಾವ ತಪ್ಪೂ ಇಲ್ಲ, ಪರೀಕ್ಷೆಗಳನ್ನೂ ಬರೆಯಬಹುದು. ಆದರೆ ಮೇನ್ ಪ್ಯಾಕೇಜನ್ನು ಬೇರೆ ಯಾವ ಪ್ರೋಗ್ರಾಮೂ ಇಂಪೋರ್ಟ್ ಮಾಡುವಂತಿಲ್ಲ. ಪ್ರಯತ್ನಿಸಿದರೆ ‘ಇದು ಪ್ರೋಗ್ರಾಂ, ಇಂಪೋರ್ಟ್ ಮಾಡುವ ಪ್ಯಾಕೇಜ್ ಅಲ್ಲ’ ಎಂಬ ಎರರ್ ಬರುತ್ತದೆ. ನಾಳೆ ಅದೇ ಅಂಗಡಿಗೆ ತಿಂಗಳ ಕೊನೆಯ ವರದಿ ತೆಗೆಯುವ ಎರಡನೆಯ ಪ್ರೋಗ್ರಾಂ ಬೇಕಾದರೆ ಬಡ್ಡಿ ಲೆಕ್ಕದ ಕೋಡನ್ನು ನಕಲು ಮಾಡಬೇಕಾಗುತ್ತದೆ, ಇಲ್ಲವೇ ಆಗ ಒಡೆಯಬೇಕಾಗುತ್ತದೆ. ಎರಡನೆಯ ಪ್ರೋಗ್ರಾಮಿನ ಫೈಲನ್ನು ಅದೇ ಫೋಲ್ಡರಿಗೆ ಹಾಕಿದರೆ ‘ಮೇನ್’ ಫಂಕ್ಷನ್ ಎರಡು ಸಲ ಇದೆ ಎಂಬ ಎರರ್ ಖಚಿತ.

ಎರಡನೆಯದು, ಮೂಲ ಫೋಲ್ಡರಿನಲ್ಲಿ ಮೇನ್ ಇಟ್ಟು ಲೆಕ್ಕದ ಕೋಡನ್ನು ಒಳಗಿನ ಫೋಲ್ಡರಿಗೆ ಸಾಗಿಸುವುದು. ಒಳ್ಳೆಯ ದಾರಿಯೇ, ಆದರೆ ನಿಮ್ಮಂಥವರು ಇಲ್ಲಿ ಬೀಳುವ ಹಳ್ಳ ನನಗೆ ಚೆನ್ನಾಗಿ ಗೊತ್ತು. ಮಾಡ್ಯೂಲಿನ ಹೆಸರು ‘ಲೆಡ್ಜರ್’, ಒಳಗಿನ ಫೋಲ್ಡರಿಗೂ ಸಹಜವಾಗಿ ‘ಲೆಡ್ಜರ್’ ಎಂದೇ ಹೆಸರಿಡುತ್ತೀರಿ. ಮೂಲದಲ್ಲಿ ‘ಗೋ ಬಿಲ್ಡ್’ ಕೊಟ್ಟಾಗ ಬೈನರಿಗೆ ಬರಬೇಕಾದ ಹೆಸರೂ ‘ಲೆಡ್ಜರ್’; ಅಲ್ಲಿ ಆಗಲೇ ಅದೇ ಹೆಸರಿನ ಫೋಲ್ಡರ್ ಇದೆ. ‘ಬಿಲ್ಡ್ ಔಟ್‌ಪುಟ್ ಈಗಾಗಲೇ ಇದೆ, ಅದೊಂದು ಡೈರೆಕ್ಟರಿ’ ಎಂದು ಕಮಾಂಡ್ ಕೈಚೆಲ್ಲುತ್ತದೆ. ವಿಂಡೋಸಿನಲ್ಲಿ ಬೈನರಿಯ ಹೆಸರಿಗೆ ‘.ಇಎಕ್ಸ್‌ಇ’ ಸೇರುವುದರಿಂದ ಅಲ್ಲಿ ಈ ಘರ್ಷಣೆಯಾಗುವುದಿಲ್ಲ. ಹಾಗಾಗಿ ನಿಮ್ಮ ಲ್ಯಾಪ್‌ಟಾಪಿನಲ್ಲಿ ಸರಿಯಿದ್ದದ್ದು ಲಿನಕ್ಸ್ ಸರ್ವರಿನಲ್ಲಿ ನಿಲ್ಲುತ್ತದೆ. ಒಳಗಿನ ಫೋಲ್ಡರಿಗೆ ‘ಖಾತೆ’, ‘ಬಡ್ಡಿ’ ಎಂಬಂಥ, ಅದು ಮಾಡುವ ಕೆಲಸವನ್ನೇ ಹೇಳುವ ಬೇರೆ ಹೆಸರನ್ನು ರೋಮನ್ ಅಕ್ಷರದಲ್ಲಿ ಇಟ್ಟರೆ ತೊಂದರೆಯಿಲ್ಲ.

ಮೂರನೆಯದು, ಗೋ ಬಳಸುವವರಲ್ಲಿ ಬೇರೂರಿರುವ ‘ಸಿಎಂಡಿ’ ಫೋಲ್ಡರಿನ ರೂಢಿ. ಮೂಲದಲ್ಲಿ ‘ಪ್ಯಾಕೇಜ್ ಲೆಡ್ಜರ್’ ಎಂಬ ಲೈಬ್ರರಿ ಹಾಗೆಯೇ ಇರುತ್ತದೆ, ‘ಸಿಎಂಡಿ/ಲೆಡ್ಜರ್’ ಎಂಬ ಫೋಲ್ಡರಿನಲ್ಲಿ ಹತ್ತಿಪ್ಪತ್ತು ಸಾಲಿನ ಮೇನ್ ಪ್ಯಾಕೇಜ್ ಇರುತ್ತದೆ. ಮುಂದೆ ‘ಸಿಎಂಡಿ/ವರದಿ’ ಎಂದು ಇನ್ನೊಂದನ್ನು ಸೇರಿಸಬಹುದು, ಪ್ರತಿ ಬೈನರಿಗೂ ಅದರ ಫೋಲ್ಡರಿನ ಹೆಸರು ತಾನಾಗಿ ಸಿಗುತ್ತದೆ. ಹೊರಗಿನವರು ಬಳಸಬಾರದ ಪ್ಯಾಕೇಜುಗಳನ್ನು ‘ಇಂಟರ್ನಲ್’ ಎಂಬ ಫೋಲ್ಡರಿನೊಳಗೆ ಇಟ್ಟರೆ, ಆ ಫೋಲ್ಡರಿನ ಮೇಲಿನ ಮನೆಯವರನ್ನು ಬಿಟ್ಟು ಬೇರೆ ಯಾರೂ ಅವನ್ನು ಇಂಪೋರ್ಟ್ ಮಾಡದಂತೆ ಕಮಾಂಡೇ ತಡೆಯುತ್ತದೆ.

ನೀವು ಈಗಾಗಲೇ ‘ಪ್ಯಾಕೇಜ್ ಲೆಡ್ಜರ್’ ಎಂದು ಬರೆದಿರುವುದರಿಂದ ಈ ಮೂರನೆಯ ದಾರಿಯನ್ನೇ ಶಿಫಾರಸು ಮಾಡುತ್ತೇನೆ. ಫೈಲುಗಳನ್ನು ಹಿಂದಿನಂತೆ ‘ಪ್ಯಾಕೇಜ್ ಲೆಡ್ಜರ್’ಗೆ ಮರಳಿಸಿ, ಮೇನ್ ಫಂಕ್ಷನ್ನಿನ ಒಡಲನ್ನು ‘ರನ್’ ಎಂಬಂಥ ದೊಡ್ಡಕ್ಷರದಿಂದ ಆರಂಭವಾಗುವ ಫಂಕ್ಷನ್ನಿಗೆ ಹಾಕಿ, ಹೊಸ ಮೇನ್ ಪ್ಯಾಕೇಜಿನಿಂದ ಅದನ್ನು ಕರೆಯಿರಿ. ದೊಡ್ಡಕ್ಷರದಿಂದ ಆರಂಭವಾಗದ ಹೆಸರು ಪ್ಯಾಕೇಜಿನ ಹೊರಗೆ ಕಾಣುವುದಿಲ್ಲ ಎಂಬ ನಿಯಮ ಈಗ ಮೊದಲ ಸಲ ನಿಮ್ಮನ್ನು ತಟ್ಟುತ್ತದೆ.

ಈ ದಾರಿಗೂ ಅದರದೇ ಕಿರಿಕಿರಿಗಳಿವೆ. ಮೂಲ ಫೋಲ್ಡರಿನಲ್ಲಿ ಅಭ್ಯಾಸಬಲದಿಂದ ‘ಗೋ ಬಿಲ್ಡ್’ ಕೊಟ್ಟರೆ ಮತ್ತೆ ಅದೇ ಮೌನ ಎದುರಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಬಿಲ್ಡ್ ಮಾಡಲು ‘ಗೋ ಬಿಲ್ಡ್ ./...’ ಎಂದರೂ ಬೈನರಿ ಸಿಗುವುದಿಲ್ಲ, ಏಕೆಂದರೆ ಒಂದಕ್ಕಿಂತ ಹೆಚ್ಚು ಪ್ಯಾಕೇಜುಗಳನ್ನು ಕೊಟ್ಟಾಗ ಕಮಾಂಡ್ ಪರಿಶೀಲನೆ ಮಾತ್ರ ಮಾಡಿ ಫಲಿತಾಂಶವನ್ನು ಬಿಟ್ಟುಬಿಡುತ್ತದೆ. ಮೊದಲು ಹೇಳಿದ ‘-ಒ ಬಿನ್/’ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಇನ್ನೊಂದು ಅಪಾಯ ಸೂಕ್ಷ್ಮವಾದದ್ದು. ಬಿಲ್ಡ್ ಸಮಯದಲ್ಲಿ ಲಿಂಕರಿನ ‘-ಎಕ್ಸ್’ ಆಯ್ಕೆ ಬಳಸಿ ‘ಮೇನ್.ವರ್ಷನ್’ ಎಂಬ ವೇರಿಯೆಬಲ್ಲಿಗೆ ಆವೃತ್ತಿ ಸಂಖ್ಯೆ ತುಂಬುವ ಪದ್ಧತಿ ವ್ಯಾಪಕವಾಗಿದೆ. ಕೋಡ್ ಒಡೆಯುವಾಗ ಆ ವೇರಿಯೆಬಲ್ ಮೇನ್ ಪ್ಯಾಕೇಜಿನಿಂದ ಲೆಡ್ಜರ್ ಪ್ಯಾಕೇಜಿಗೆ ಹೋದರೆ, ಅದರ ಪೂರ್ತಿ ಇಂಪೋರ್ಟ್ ಪಾಥನ್ನು ಬರೆಯಬೇಕು. ಹಳೆಯ ಹೆಸರನ್ನೇ ಬಿಟ್ಟರೆ ಲಿಂಕರ್ ಎರರ್ ಕೊಡುವುದಿಲ್ಲ, ಎಚ್ಚರಿಸುವುದೂ ಇಲ್ಲ. ಆವೃತ್ತಿಯ ಜಾಗ ಖಾಲಿ ಉಳಿಯುತ್ತದೆ ಅಷ್ಟೆ.

ಮಾಡ್ಯೂಲಿನ ಹೆಸರಿನಲ್ಲಿ ಚುಕ್ಕಿಯಿಲ್ಲದೆ ಬರೀ ‘ಲೆಡ್ಜರ್’ ಎಂದಿರುವುದು ನಿಮ್ಮ ಕಂಪ್ಯೂಟರಿನ ಮಟ್ಟಿಗೆ ಸಾಕು. ಬೇರೆಯವರು ಅದನ್ನು ‘ಗೋ ಗೆಟ್’ ಮೂಲಕ ತರಿಸಿಕೊಳ್ಳಬೇಕಾದರೆ ಮೊದಲ ತುಂಡಿನಲ್ಲಿ ಚುಕ್ಕಿ ಇರುವ, ಅಂದರೆ ಡೊಮೈನ್ ರೂಪದ ಪಾಥ್ ಬೇಕೇಬೇಕು. ಚುಕ್ಕಿಯಿಲ್ಲದ ಪಾಥನ್ನು ಕಮಾಂಡ್ ಗೋದ ಸ್ವಂತ ಲೈಬ್ರರಿಯದೆಂದು ಭಾವಿಸುತ್ತದೆ. ಇಂಪೋರ್ಟ್ ಸಾಲಿನಲ್ಲಿ ಮಾಡ್ಯೂಲಿನ ಹೆಸರನ್ನು ಒಂದಕ್ಷರ ತಪ್ಪಾಗಿ ಬರೆದಾಗ ‘ಈಸ್ ನಾಟ್ ಇನ್ ಎಸ್‌ಟಿಡಿ’ ಎಂಬ ಸಂಬಂಧವಿಲ್ಲದಂತೆ ಕಾಣುವ ಎರರ್ ಬರುವುದು ಇದೇ ಕಾರಣಕ್ಕೆ.

ಕನ್ನಡದ ಹೆಸರಿನ ಪ್ರಶ್ನೆಯನ್ನು ಕೇಳಿದ್ದಕ್ಕೆ ಸಂತೋಷ, ಆದರೆ ಉತ್ತರ ಅಷ್ಟು ಸಂತೋಷದ್ದಲ್ಲ. ಗೋದ ನಿಯಮ ಐಡೆಂಟಿಫೈಯರಿನಲ್ಲಿ ಯೂನಿಕೋಡಿನ ಯಾವ ಲಿಪಿಯ ಅಕ್ಷರವನ್ನಾದರೂ ಒಪ್ಪುತ್ತದೆ. ಆದರೆ ಯೂನಿಕೋಡ್‘ಅಕ್ಷರ’ ಎಂದು ಕರೆಯುವುದು ನಮ್ಮ ಸ್ವರ, ವ್ಯಂಜನಗಳನ್ನು ಮಾತ್ರ. ಕಾಗುಣಿತದ ಗುರುತುಗಳು ಮತ್ತು ಒತ್ತಕ್ಷರ ಮಾಡುವ ಹಲಂತ ಅಲ್ಲಿ ಬೇರೆ ವರ್ಗದ ಚಿಹ್ನೆಗಳು, ಅವನ್ನು ಗೋ ಒಪ್ಪುವುದಿಲ್ಲ. ಹಾಗಾಗಿ ‘ಗಣಕ’ ಎಂದು ಪ್ಯಾಕೇಜಿಗೆ ಹೆಸರಿಡಬಹುದು, ‘ಲೆಕ್ಕ’ ಎಂದು ಇಡಲಾಗದು, ಏಕೆಂದರೆ ಅದರಲ್ಲಿ ಎತ್ವವೂ ಇದೆ ಒತ್ತೂ ಇದೆ. ‘ಗಣಕ’ ಎಂದಿಟ್ಟರೂ ಮುಂದೆ ಎರಡು ಅಡ್ಡಿಗಳಿವೆ. ಮಾಡ್ಯೂಲಿನೊಳಗಿನ ಇಂಪೋರ್ಟ್ ಪಾಥ್‌ನಲ್ಲಿ ರೋಮನ್ ಅಕ್ಷರ, ಅಂಕಿ ಮತ್ತು ಕೆಲವೇ ಚಿಹ್ನೆಗಳಿಗೆ ಅವಕಾಶವಿರುವುದರಿಂದ ಫೋಲ್ಡರ್ ರೋಮನ್ನಿನಲ್ಲೇ ಇರಬೇಕು. ಜೊತೆಗೆ, ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲದ ಕಾರಣ, ಕನ್ನಡ ಅಕ್ಷರದಿಂದ ಆರಂಭವಾಗುವ ಯಾವ ಫಂಕ್ಷನ್ನೂ ಪ್ಯಾಕೇಜಿನ ಹೊರಗೆ ಕಾಣುವುದಿಲ್ಲ; ಮುಂದೆ ಒಂದು ರೋಮನ್ ದೊಡ್ಡಕ್ಷರ ಅಂಟಿಸಬೇಕಾಗುತ್ತದೆ. ಬೈನರಿ ಕೊಡುವ ಪ್ಯಾಕೇಜಿನ ಹೆಸರಂತೂ ರೋಮನ್ನಿನ ‘ಮೇನ್’ ಎಂದೇ ಇರಬೇಕು.

ಆದ್ದರಿಂದ ಫೋಲ್ಡರ್ ಮತ್ತು ಪ್ಯಾಕೇಜುಗಳಿಗೆ ರೋಮನ್ ಸಣ್ಣಕ್ಷರದ, ಅಂಡರ್‌ಸ್ಕೋರ್ ಇಲ್ಲದ ಚಿಕ್ಕ ಪದಗಳನ್ನು ಬಳಸಿ. ಆ ಪದ ಕನ್ನಡದ್ದೇ ಆಗಿರಲು ಯಾವ ಅಡ್ಡಿಯೂ ಇಲ್ಲ, ನನ್ನ ಒಂದು ಸಣ್ಣ ಪ್ರೋಗ್ರಾಮಿನಲ್ಲಿ ‘ಬಡ್ಡಿ’ ಎಂಬ ಪ್ಯಾಕೇಜ್ ರೋಮನ್ ಲಿಪಿಯಲ್ಲಿ ಇಂದಿಗೂ ಇದೆ. ನಿಮ್ಮ ಬಿಲ್ಲಿನ ಮೇಲೆ ಅಚ್ಚಾಗುವ ಗ್ರಾಹಕರ ಹೆಸರು, ಸರಕಿನ ಹೆಸರು, ‘ಬಾಕಿ’ ಎಂಬ ಪದ ಇವಕ್ಕೆಲ್ಲ ಈ ನಿರ್ಬಂಧಗಳು ತಾಕುವುದಿಲ್ಲ. ಗೋ ಫೈಲುಗಳು ಯುಟಿಎಫ್-8 ಎಂಬ ಯೂನಿಕೋಡ್ ಸಂಕೇತ ಪದ್ಧತಿಯಲ್ಲೇ ಇರಬೇಕೆಂಬುದು ಭಾಷೆಯ ನಿಯಮ. ಆ ಯುಟಿಎಫ್-8ನ್ನು 1992ರಲ್ಲಿ ರೂಪಿಸಿದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಅವರೇ ಮುಂದೆ ರಾಬರ್ಟ್ ಗ್ರೀಸೆಮರ್ ಅವರೊಂದಿಗೆ ಗೋ ಭಾಷೆಯನ್ನೂ ರೂಪಿಸಿದವರು. ಉದ್ಧರಣ ಚಿಹ್ನೆಯೊಳಗೆ ನೀವು ಎಷ್ಟು ಕಾಗುಣಿತ, ಎಷ್ಟು ಒತ್ತಕ್ಷರ ಬರೆದರೂ ಬಿಲ್ಡ್ ನಿಲ್ಲುವುದಿಲ್ಲ.